ನಾಲ್ಕೂವರೆಗೆ ಕೂದಲೆಳೆ ಹಿಂದೆ

ಗಂಡ ಬಸ್ ಓಡಿಸುವವನು, ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಮದುವೆಯಾದ ಹೊಸದರಲ್ಲಿ ತಮಾಷೆಗೆ ಅವಳನ್ನು 'ಮೇಡಂ' ಎಂದು ಕರೆಯತೊಡಗಿದವನು ತಲೆ ನರೆತರೂ ಹಾಗೆಯೇ ಕರೆಯುತ್ತಿದ್ದ. ಆ ಮೇಡಂ ಶಾಲೆಯ ಒದ್ದೆ ಮೆಟ್ಟಿಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಎದ್ದು ನಿಂತರೆ ಸಾಕು, ನೆಲವೇ ವಾಲಿದಂತಾಗಿ ಮತ್ತೆ ಮಂಚ ಹಿಡಿಯುತ್ತಿದ್ದಳು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ, "ಎಷ್ಟು ದೂರ ನಡೆದ್ರು ಅಂತ ಅವರ ಕಣ್ಣಿಗೇ ಕಾಣ್ಬೇಕು ಅಂಕಲ್," ಎಂದಳು. ಅವನು ಮುಂದಿನ ಕೋಣೆಯಲ್ಲಿ ಹಾಕಿದ್ದ ಅವಳ ಮಂಚದ ಕಾಲಿನಿಂದ ಮುಂಬಾಗಿಲ ಹೊಸ್ತಿಲವರೆಗೆ, ಟೈಲ್ಸಿನ ಗೆರೆಗೊಂದರಂತೆ, ಸೊನ್ನೆಯಿಂದ ಹತ್ತರ ತನಕ ಸೀಮೆಸುಣ್ಣದಲ್ಲಿ ಬರೆದ. ಅವಳು ಅದನ್ನೊಮ್ಮೆ ನೋಡಿ ಗೋಡೆಯ ಕಡೆ ಮಗ್ಗುಲಾದಳು.

ಒಂದು ಮಧ್ಯಾಹ್ನ ಶಾಲೆಯಿಂದ ಉತ್ತರಪತ್ರಿಕೆಗಳ ಕಟ್ಟು ಬಂತು. ಅವಳು ದಿಂಬಿಗೊರಗಿ ತಿದ್ದುತ್ತಿದ್ದಳು, ಅವನು ಪಕ್ಕದಲ್ಲಿ ಕೂತು ಅಂಕ ಕೂಡುತ್ತಿದ್ದ.

"ಪಾಪ, ಇದಕ್ಯಾಕೆ ಸೊನ್ನೆ? ಇಪ್ಪತ್ತರ ವರ್ಗಮೂಲ ಹತ್ತು ಅಂತ ಸರಿಯಾಗೇ ಬರ್ದಿದೆಯಲ್ಲ ಮಗು."

ಅವಳ ಪೆನ್ನು ನಿಂತಿತು. "ರೀ, ಏನಂದ್ರಿ?"

"ಹತ್ತು. ಅರ್ಧ ತಾನೆ?"

"ಇಷ್ಟು ವರ್ಷ ನನ್ನ ಜೊತೆ ಬಾಳ್ವೆ ಮಾಡಿ ಅರ್ಧ ಅಂತೀರಲ್ಲ! ಯಾವ ಸಂಖ್ಯೇನ ಅದರಿಂದ್ಲೇ ಗುಣಿಸಿದ್ರೆ ಇಪ್ಪತ್ತು ಬರತ್ತೋ ಅದು. ಹತ್ತನ್ನ ಹತ್ತರಿಂದ ಗುಣಿಸಿದ್ರೆ?"

"ನೂರು." ತಲೆ ಕೆರೆದುಕೊಂಡ. "ಹಾಗಾದ್ರೆ ಅದು ಎಲ್ಲಿದೆ? ತೋರ್ಸು ನೋಡೋಣ."

ಅವನ ಮಾತಿನಲ್ಲಿ ಯಾವ ಉಪಾಯವೂ ಇರಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ.

"ವಾಕರ್ ಕೊಡಿ ಇಲ್ಲಿ," ಎಂದಳು.

ಗೊಣಗುತ್ತಲೇ ಹೊರಟಳು. "ನಾಲ್ಕ್ನಾಲ್ಕ್ಲಿ ಹದಿನಾರು, ಸಾಲಲ್ಲ. ಐದೈದ್ಲಿ ಇಪ್ಪತ್ತೈದು, ಜಾಸ್ತಿ ಆಯ್ತು. ಅಂದ್ರೆ ಇವೆರಡರ ಮಧ್ಯೆ." ನಾಲ್ಕು ದಾಟಿ, ಐದು ಮುಟ್ಟದೆ ನಿಂತಳು.

"ಹಾಗಂದ್ರೆ ನಾಲ್ಕೂವರೆ."

"ಅವಸರ ಮಾಡ್ಬೇಡಿ. ನಾಲ್ಕೂವರೆನ ನಾಲ್ಕೂವರೆಯಿಂದ ಗುಣಿಸಿದ್ರೆ ಇಪ್ಪತ್ತೂಕಾಲು. ಕಾಲು ಹೆಚ್ಚಾಯ್ತಲ್ಲ? ಅದಕ್ಕೇ ಇನ್ನು ಕೂದಲೆಳೆಯಷ್ಟು ಹಿಂದೆ," ಎನ್ನುತ್ತ ಪಾದವನ್ನು ಹಿಂದಕ್ಕೆ ಸರಿಸಿದಳು.

ಬಿದ್ದಂದಿನಿಂದ ಅವಳು ಹಿಂದಕ್ಕೆ ಹೆಜ್ಜೆ ಇಟ್ಟಿರಲಿಲ್ಲ. ಮುಂದಿನದಾದರೆ ಕಣ್ಣಿಗೆ ಕಾಣುತ್ತದೆ, ಹಿಂದಿನದಕ್ಕೆ ನೆಲವನ್ನು ನಂಬಬೇಕು. ಅದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವಳು ವಾಕರಿಗೆ ಆತುಕೊಂಡಳು. "ಕುರ್ಚಿ," ಎಂದಳು. ಅವನು ಓಡಿ ತಂದ. ನಾಲ್ಕು ಐದರ ನಡುವೆ ಕೂತು ಬೆವರೊರೆಸಿಕೊಂಡಳು.

"ಆ ಮಗುಗೆ ಸೊನ್ನೇನೇ ಇರ್ಲಿ ಬಿಡು," ಎಂದ ಅವನು. ಅವಳಿಗೆ ನಗು, ಅಳು ಎರಡೂ ಬಂದವು.

ಮರುದಿನದಿಂದ ಡ್ಯೂಟಿ ಮುಗಿಸಿ ಬರುವಾಗ ಒಂದೊಂದು ಸಂಖ್ಯೆ ಹೊತ್ತು ತರತೊಡಗಿದ. ದೂರ ನಡೆಯಲೆಂದು ಎಂಬತ್ತು ತಂದರೆ ಅವಳು ಒಂಬತ್ತರ ಒಳಗೇ ನಿಂತಳು.

"ಎಂಬತ್ತಕ್ಕೆ ಇಷ್ಟೇನಾ? ಶುದ್ಧ ಜಿಪುಣ ಇದು," ಎಂದು ರೇಗಿದ. ಆಮೇಲೆ ಕೇಳಿದ, "ಅಲ್ಲ ಮೇಡಂ, ಸರಿಯಾಗಿ ಇಷ್ಟೇ ಅಂತ ಹೇಳೋಕಾಗಲ್ವಾ?"

"ದಶಾಂಶದಲ್ಲಿ ಬರೀತಾ ಹೋದ್ರೆ ಮುಗಿಯೋದೇ ಇಲ್ಲ. ಆದ್ರೆ ಅದರ ಜಾಗದಲ್ಲಿ ಅದು ಇದ್ದೇ ಇರತ್ತೆ."

ಈ ಮಾತು ಅವನ ತಲೆ ಹೊಕ್ಕಿತು. ಬಸ್ ಓಡಿಸುವಾಗ ನೋಡಿದ, ಎರಡು ನಿಲ್ದಾಣಗಳ ನಡುವೆ ಎಷ್ಟೊಂದು ಮನೆ, ಎಷ್ಟೊಂದು ಕಿಟಕಿ. ನಿಲ್ದಾಣದಂತೆ ಹೆಸರು ಹಿಡಿದು ಕೂಗಲು ಒಂದೂ ಇಲ್ಲ, ಹಾಗೆಂದು ಅಲ್ಲಿ ಜನ ಬಾಳುತ್ತಿಲ್ಲವೇ? ಹೆಂಡತಿ ದಿನವಿಡೀ ಇಂಥದ್ದನ್ನು ಯೋಚಿಸುತ್ತಾಳೆಂದು ಅವನಿಗೆ ಇಷ್ಟು ಕಾಲ ತಿಳಿದೇ ಇರಲಿಲ್ಲ.

ಕೊನೆಗೊಂದು ಸಂಜೆ ಹೆದರುತ್ತಲೇ, "ನೂರಾಹತ್ತು," ಎಂದ.

ಅವಳು ಅವನ ಮುಖ ನೋಡಿದಳು. "ಹತ್ಹತ್ಲಿ ನೂರು. ಇದು ಹೊಸ್ತಿಲಾಚೆ ಆಯ್ತಲ್ರೀ."

"ಬೇಡ ಅಂದ್ರೆ ಬೇರೆ ತರ್ತೀನಿ."

"ಹನ್ನೊಂದು ಎಲ್ಲಿ ಬರತ್ತೆ ಅಂತ ಗೆರೆ ಎಳೀರಿ. ನನ್ನ ಹಿಡ್ಕೋಬೇಡಿ, ಪಕ್ಕದಲ್ಲಿರಿ, ಸಾಕು."

ಹೊಸ್ತಿಲು ದಾಟಿ, ಹೊಸ ಗೆರೆ ಮುಟ್ಟದೆ ನಿಂತಳು. ಎದುರು ಮನೆಯಾಕೆ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದವಳು, "ಅಯ್ಯೋ, ಎದ್ದು ಬಂದ್ಬಿಟ್ರಲ್ಲ!" ಎಂದು ಚೀಲ ಕೆಳಗಿಟ್ಟು ಮಾತಿಗೆ ನಿಂತಳು. ಟೊಮೇಟೊ ರೇಟು, ನೀರು ಬಾರದ ನಲ್ಲಿ, ಮಕ್ಕಳ ಪರೀಕ್ಷೆ, ಎಲ್ಲ ಬಂತು. ಅಷ್ಟು ಹೊತ್ತೂ ಅವಳು ನಿಂತೇ ಇದ್ದಳು. ಮೆಟ್ಟಿಲ ಕಡೆ ಮಾತ್ರ ನೋಡಲಿಲ್ಲ. ಅವನೂ ಅದರ ಮಾತೆತ್ತಲಿಲ್ಲ.