ಇಪ್ಪತ್ತೆರಡು ಕೊಡುವ ಕಾರು

ಬೆಳಿಗ್ಗೆ ಬಂಕಿನಲ್ಲಿ ಟ್ಯಾಂಕು ತುಂಬಿಸಿದ ಮೇಲೆ ಸಂಜೆ ಅದೇ ಬಂಕಿಗೆ ಬಂದು ಮತ್ತೆ ತುಂಬಿಸುವವರೆಗೆ ಭುವನಾ ಕಾರು ಬಿಟ್ಟು ಕದಲಬಾರದು. ಇದು ಅವಳ ಗಂಡ ವಾಗೀಶನ ಏರ್ಪಾಡು.

ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವ ವಾಗೀಶ ಕಾರು ಕೊಂಡು ಆರು ತಿಂಗಳಾಗಿತ್ತು. ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರ್ ಎಂದು ಕಂಪನಿಯ ಹಾಳೆಯಲ್ಲಿ ಅಚ್ಚಾಗಿತ್ತು. "ಗ್ಯಾರಂಟೀಗಾ ಇಸ್ತುಂದಿ ಸಾರ್" ಎಂದು ಶೋರೂಮಿನವನು ತೆಲುಗಿನಲ್ಲಿ ಭರವಸೆ ಬೇರೆ ಕೊಟ್ಟಿದ್ದ. ಬರುತ್ತಿದ್ದುದು ಹದಿನಾಲ್ಕು. ಮಿಕ್ಕ ಪೆಟ್ರೋಲನ್ನು ಡ್ರೈವರ್ ಕಲ್ಲೇಶ ಪೈಪು ಹಾಕಿ ಎಳೆಯುತ್ತಾನೆಂದು ವಾಗೀಶನಿಗೆ ಗುಮಾನಿ.

"ನೀ ಕುಂತ ದಿನ ಇಪ್ಪತ್ತು ದಾಟ್ತು ಅಂದ್ರ, ನಾಳಿಂದ ಅವನು ಬರೋದು ಬ್ಯಾಡ" ಎಂದಿದ್ದ.

ಹನ್ನೊಂದು ವರ್ಷದಿಂದ ಗಾಡಿ ಓಡಿಸುತ್ತಿದ್ದ ಕಲ್ಲೇಶನಿಗೂ ಅದು ತಿಳಿದಿತ್ತು. ಭುವನಾಗೆ ಅವನ ಮುಖ ನೋಡಲು ನಾಚಿಕೆಯಾಯಿತು. ನಲವತ್ತಾರರ ವಯಸ್ಸಿನಲ್ಲಿ ತನಗೆ ಕಾವಲಿನ ಕೆಲಸ.

"ಏಸಿ ಆರಿಸ್ಲೇನ್ರಿ ಅಕ್ಕಾರ?"

"ದಿನಾ ಹೆಂಗಿರ್ತದೋ ಹಂಗ ಇರ್ಲಿ."

"ಸಾವ್ಕಾರ್ರು ಕುಂತ್ರ ಹಾಕ್ಲೇಬೇಕ್ರಿ. ಬೆವರು ಬಂದ್ರ ನಂಗ ಬೈತಾರ" ಎಂದು ಅವನು ನಕ್ಕ.

ಕತ್ತರಿಸಿದ ಬಟ್ಟೆಯ ಗಂಟುಗಳು ಡಿಕ್ಕಿಯಲ್ಲಿ, ಹಿಂದಿನ ಸೀಟಿನಲ್ಲಿ, ತಲೆಯ ಮೇಲಿನ ಕ್ಯಾರಿಯರಿನಲ್ಲಿ. ಹೊಲಿಯುವವರ ಓಣಿಗಳಲ್ಲಿ ಮಾರಿಗೊಂದು ಹಂಪು. ಒಂದೊಂದು ಬಾಗಿಲಲ್ಲೂ "ಐದೇ ನಿಮಿಷ, ಬಂದ್ವಿ" ಎಂಬ ಕೂಗು. ಆ ಐದು ನಿಮಿಷ ಇಪ್ಪತ್ತಾಗುವವರೆಗೆ ಇಂಜಿನ್ ಗುರುಗುಟ್ಟುತ್ತಲೇ ಇರುತ್ತಿತ್ತು.

"ಮುಂಜಾನಿಂದ ಮೂರನೇ ಗೇರಿಗೆ ಕೈ ಹೋಗಿಲ್ರಿ" ಎಂದ ಕಲ್ಲೇಶ. "ಕಂಪನ್ಯಾರು ಶೆಡ್ಡಿನ್ಯಾಗ ತಿರುಗೋ ರೋಲರ್ ಮ್ಯಾಲ ನಿಲ್ಸಿ ನಿಂತಲ್ಲೇ ಓಡಿಸ್ತಾರಂತ. ಏರಿಲ್ಲ, ಗಾಳಿಲ್ಲ, ಗಂಟಿಲ್ಲ. ಹಂಗಾದ್ರ ನಾನೂ ಇಪ್ಪತ್ತೆರಡು ಕೊಡ್ತೀನಿ ತಗೀರಿ."

ಮುಂದಿನ ಊರು ಬೆಳುಗುಪ್ಪದಲ್ಲಿ ಜೇಬು ಹಚ್ಚುವ ಅನ್ನದಾನಮ್ಮ ಗಂಟು ತಂದು ಹಾಕಿದಳು. ದಿನಕ್ಕೆ ನೂರರವತ್ತು ಜೇಬು ಇರಬೇಕಾದಲ್ಲಿ ನೂರಾ ಎರಡು.

"ಸಾವ್ಕಾರ್ರಿಗೆ ಹೇಳ್ರಿ, ಇವತ್ತೂ ಕಡಿಮಿ ಅಂತ. ಕರೆಂಟ್ ಹೋಗಿತ್ತು, ನಳ ಬಂತು, ಅತ್ತಿ ಬಿದ್ಳು. ಗಂಟೆಗೆ ಇಪ್ಪತ್ತು ಹೊಲಿದ್ಳಂತಲ್ಲ ಯಾವಾಕಿನೋ, ಆ ಪುಣ್ಯಾತ್ಗಿತ್ತಿಗೆ ಮನಿ ಮಠ ಏನೂ ಇದ್ದಿಲ್ಲೇನೋ!"

ಭುವನಾ ಗಂಟನ್ನು ಸೀಟಿನ ಒಳಕ್ಕೆ ಸರಿಸಿದಳು. ಆ ಪುಣ್ಯಾತ್ಗಿತ್ತಿ ಅವಳೇ. ಮದುವೆಯಾದ ಹೊಸತು. ಎಣ್ಣೆ ಹಾಕಿದ ಹೊಸ ಮಿಷನ್ನು, ಸೀಮೆಸುಣ್ಣದ ಗೆರೆ ಎಳೆದು ಪಕ್ಕದಲ್ಲೇ ಜೋಡಿಸಿಟ್ಟ ಜೇಬುಗಳು, ಎದುರಿಗೆ ಗಡಿಯಾರ ಹಿಡಿದು ಮೆಚ್ಚುಗೆಯಿಂದ ನೋಡುವ ಗಂಡ. ಒಂದು ಗಂಟೆಯಲ್ಲಿ ಇಪ್ಪತ್ತು ಹಚ್ಚಿ ಎದ್ದಿದ್ದಳು. ಅವನು ಅದನ್ನು ದಿನದ ಎಂಟು ಗಂಟೆಗಳಿಂದ ಗುಣಿಸಿ, ಹೊಲಿಯುವವರು ಲೆಕ್ಕ ಕೊಡಲು ಬರುವ ಪಡಸಾಲೆಯ ಗೋಡೆಯ ಮೇಲೆ ಬರೆದ. ಎರಡನೆಯ ಗಂಟೆ ಅವಳು ಕೂರಲೇ ಇಲ್ಲ. ಯಾರೂ ಕೇಳಲೂ ಇಲ್ಲ. ಅಂದಿನಿಂದ ಎಷ್ಟು ಹೆಂಗಸರು ಆ ಗೋಡೆಯ ಮುಂದೆ ತಲೆ ತಗ್ಗಿಸಿ ಮೈಗಳ್ಳಿಯರೆನಿಸಿಕೊಂಡರೋ.

ಸಂಜೆ ಬಂಕಿನಲ್ಲಿ ಟ್ಯಾಂಕು ತುಂಬಿತು. ಕಲ್ಲೇಶ ಮೀಟರಿನ ಕಡೆ ನೋಡಲಾರದೆ ಬೇರೆಲ್ಲೋ ನೋಡುತ್ತಿದ್ದ. ಭುವನಾ ಎರಡು ಸಲ ಭಾಗಿಸಿದಳು.

"ಹದಿನಾಲ್ಕು" ಎಂದಳು. ಅವನು ಟವೆಲಿನಿಂದ ಮುಖ ಒರೆಸಿಕೊಂಡ.

ಮನೆಯಲ್ಲಿ ವಾಗೀಶ ಕೇಳಿ ಕೆರಳಿದ. "ಹಂಗಾದ್ರ ಕಂಪನ್ಯಾರು ಸುಳ್ಳು ಹೇಳ್ಯಾರ?"

"ಸುಳ್ಳಲ್ರಿ. ಅವ್ರು ಓಡ್ಸಿದಾಗ ಬಂದಿರ್ತದ. ನಾನು ಹೊಲಿದಾಗ ಇಪ್ಪತ್ತು ಬಂದಿರ್ಲಿಲ್ಲೇನು, ಹಂಗ."

"ಕಲ್ಲೇಶ ಇರ್ಲಿ ಬಿಡು. ಹೊಲಿಗಿ ಮಾತು ಬ್ಯಾರೆ."

"ಎರಡೂ ಒಂದೇ. ನಾಳಿ ಮುಂಜಾನಿಂದ ನಾನು ಮಿಷನ್ನಿಗೆ ಕುಂದರ್ತೀನಿ. ನಳ ಬಂದ್ರ ಏಳ್ತೀನಿ, ನೀವು ಚಾ ಕೇಳಿದ್ರ ಏಳ್ತೀನಿ, ಸೊಂಟ ನೊಂದ್ರ ಮಲಗ್ತೀನಿ. ಸಂಜೀಗೆ ಎಷ್ಟು ಆಗ್ತಾವೋ ಗೋಡಿ ಮ್ಯಾಲ ಅಷ್ಟು ಬರೀರಿ."

"ಈ ವಯಸ್ಸಿನ್ಯಾಗ ನಿನ್ ಕೈಲೆ ಎಷ್ಟು ಆದಾವು?"

"ಅದ ನಂಗೂ ಗೊತ್ತಾಗ್ಬೇಕು" ಎಂದು ಭುವನಾ ಕಾಲು ಚಾಚಿ ಗೋಡೆಗೆ ಒರಗಿದಳು.