ಪರವಾಗಿಲ್ಲ ಮಾಸ್ಟರ್

ಸುಡುಬಿಸಿಲಿನಲ್ಲೂ ಕರಿಯ ಕೋಟನ್ನು ಮೈಯಿಂದಿಳಿಸದೆ, ಅದರ ಎಡಭುಜ ಜೋತುಬಿದ್ದ ಕಡೆಗೇ ತಾವೂ ತುಸು ವಾಲಿಕೊಂಡು, ಕೊರಳಲ್ಲಿ ಅಳತೆಯ ಟೇಪು ಇಳಿಬಿಟ್ಟು ಬೀದಿಯಲ್ಲಿ ಸಾಗುವ ಟೈಲರ್ ಮಾಸ್ಟರನ್ನು ಕಂಡರೆ ಹೊಸಬರಿಗೆ ನಗು ತಡೆಯುತ್ತಿರಲಿಲ್ಲ. ಊರಿನ ಗಣ್ಯರ ಮೈಗೆಲ್ಲ ಕೋಟು ಕೂರಿಸುವ ಮನುಷ್ಯ ತನ್ನದನ್ನೇ ಹೀಗೆ ಬಿಟ್ಟುಕೊಂಡಿದ್ದಾನಲ್ಲ! ಯಾರಾದರೂ ಬಾಯಿಬಿಟ್ಟು ಹೇಳಿದರೆ ಸಿಗುತ್ತಿದ್ದ ಉತ್ತರ ಒಂದೇ: "ಪರವಾಗಿಲ್ಲ."

ಆ ಮಾತೇ ಅವರಿಗೆ ಹೆಸರಾಗಿ ಅಂಟಿಕೊಂಡಿತ್ತು. ಪರವಾ ಎಂದರೆ ಚಿಂತೆ, ಲಕ್ಷ್ಯ. ಅದು ಇಲ್ಲವೆಂಬುದೇ ಪದದ ಅಕ್ಷರಾರ್ಥ. ಮಾಸ್ಟರ ಬಾಯಲ್ಲಿ ಮಾತ್ರ ಅದಕ್ಕೆ ನೂರೆಂಟು ಅರ್ಥ. ಕಾಲು ತುಳಿದವನಿಗೆ ಅದು ಕ್ಷಮೆ, ಇನ್ನೊಂದು ಲೋಟ ಚಹಾ ತಂದವನಿಗೆ ಅದು ನಿರಾಕರಣೆ, ಹಲ್ಲುನೋವು ಹೇಗಿದೆ ಎಂದವರಿಗೆ ಅದು 'ಜೀವ ಹೋಗ್ತಿದೆ ಕಣ್ರೀ'. ಯಾವುದು ಎಲ್ಲಿ ಎಂಬುದು ಗೊತ್ತಿದ್ದದ್ದು ಹೆಂಡತಿಯೊಬ್ಬಳಿಗೇ. ಆಕೆ ತೀರಿಕೊಂಡ ಮೇಲೆ ಬಿಡಿಸಿ ಹೇಳುವವರು ಯಾರೂ ಉಳಿಯಲಿಲ್ಲ.

ಆ ಕೋಟು ಮಗಳು ಹೊಲಿದದ್ದು. ಅಪ್ಪನ ಪಕ್ಕದ ಮೆಷಿನ್ನಿನಲ್ಲಿ ಕೂತು ಕಲಿತವಳು, ಕತ್ತರಿ ಹಾಕುವುದರಿಂದ ಗುಂಡಿಯ ಕಾಜಾ ಹೊಲಿಯುವವರೆಗೆ ಮೊದಲ ಸಲ ಒಬ್ಬಳೇ ಮಾಡಿ, ಅಪ್ಪನಿಗೆ ತೊಡಿಸಿ, ಉಸಿರು ಬಿಗಿಹಿಡಿದು ಕೇಳಿದಳು: "ಹೇಗಿದೆಯಪ್ಪಾ?"

ಮಾಸ್ಟರ್ ಕಣ್ಣು ಒದ್ದೆಯಾದದ್ದು ಕಾಣದಿರಲೆಂದು ಗೋಡೆಯ ಕಡೆ ತಿರುಗಿ, "ಪರವಾಗಿಲ್ಲ" ಎಂದರು. ಮಗಳ ಮುಖ ಸಪ್ಪಗಾಯಿತು. ದೂರದ ಊರಿನ ಕಚೇರಿಯೊಂದರಲ್ಲಿ ಕೆಲಸ ಹಿಡಿದು ಅವಳು "ಹೋಗ್ಲಾ ಅಪ್ಪಾ?" ಎಂದಾಗಲೂ, ಬೇಡವೆನ್ನಲು ಬಾಯಿ ತೆರೆದವರಿಗೆ ಬಂದದ್ದು ಅದೇ ಹಾಳು ಮಾತು. ಅವಳು ಹೊರಟ ಮೇಲೆ ಅವಳ ಮೆಷಿನ್ನಿನ ಮುಂದೆ ಬೇರೆ ಯಾರನ್ನೂ ಕೂರಿಸಲಿಲ್ಲ. ಚಿಟಿಕೆ ಹೊಡೆಯುವಷ್ಟರಲ್ಲಿ ಸರಿಮಾಡಬಹುದಾಗಿದ್ದ ಆ ಎಡಭುಜಕ್ಕೂ ಕೈಹಾಕಲಿಲ್ಲ.

ಎಷ್ಟೋ ವರ್ಷದ ಮೇಲೆ ಬಂದ ಮಗಳು ಕೋಟಿನ ಹರಿದ ಲೈನಿಂಗು ಕಂಡು ಬೆಚ್ಚಿದಳು.

"ಅಯ್ಯೋ, ಇನ್ನೂ ಇದನ್ನೇ ಹಾಕ್ಕೋತೀರಾ? ನಿಮಗಿದು ಹಿಡಿಸ್ಲೇ ಇಲ್ವಲ್ಲ!"

"ಯಾರು ಹೇಳಿದ್ದು?"

"ನೀವೇ. ಪರವಾಗಿಲ್ಲ ಅಂದ್ರಿ. ಅದಕ್ಕೇ ಅಲ್ವಾ ನಾನು ಹೊಲಿಗೆ ಬಿಟ್ಟಿದ್ದು."

ಮಾಸ್ಟರ್ ಗುಂಡಿ ಹಿಡಿದುಕೊಂಡು ನಿಂತರು. "ನಾನು ಹೇಳಿದ್ದು ಹಾಗಲ್ಲ ಮಗಾ... ಇದು..." ಮಗಳು ಕೋಟಿನ ಆ ಭುಜವನ್ನು ಕೈಯಿಂದ ಎತ್ತಿ ಕೂರಿಸುತ್ತ ಮೆಲ್ಲಗೆ ಅಂದಳು: "ಪರವಾಗಿಲ್ಲ ಬಿಡಿ ಅಪ್ಪಾ."

ಜೀವಮಾನವಿಡೀ ಆಡಿದ ಮಾತನ್ನು ಮಾಸ್ಟರ್ ಕಿವಿಗೊಟ್ಟು ಕೇಳಿದ್ದು ಅದೇ ಮೊದಲು. ನಿಜಕ್ಕೂ ಲಕ್ಷ್ಯವಿಲ್ಲದವರು ಲೋಕದಲ್ಲಿ ಕಡಿಮೆ. ಇರುವ ಅಕ್ಕರೆಯನ್ನೆಲ್ಲ ಇಲ್ಲವೆಂಬ ಮಾತಿನಲ್ಲೇ ಹೇಳಿ, ಕೇಳಿದವರು ಅದನ್ನೇ ನಂಬಿ ಎದ್ದುಹೋದ ಮೇಲೆ, ಅವರು ಬಿಟ್ಟುಹೋದದ್ದನ್ನು ಮೈಮೇಲೆ ಹೊತ್ತು ತಿರುಗುವವರೇ ಹೆಚ್ಚು.