ಹುಗ್ಗಿಯ ಗೋದಿಗೆ ಹಡಗಿನ ವಾಸನೆ

ಬೆಳಗಾದರೆ ಕರ್ನಾಟಕ ಒಂದಾಗುವ ದಿನ. ಹೊಂಬಳದ ಶಾಲೆಯ ಅಂಗಳದಲ್ಲಿ ಮಕ್ಕಳಿಗೆಲ್ಲ ಗೋದಿ ಹುಗ್ಗಿ ಬಡಿಸಬೇಕೆಂದು ಊರವರು ಮಾತಾಡಿಕೊಂಡಿದ್ದರು. ಊರಲ್ಲಿ ಸಾಕಷ್ಟು ಗೋದಿ ಇರಲಿಲ್ಲ. ಗದಗಿನ ಅಂಗಡಿಯಿಂದ ಪರದೇಶದ ಗೋದಿ ತರಿಸಿದ್ದರು. ಸಮುದ್ರ ದಾಟಿ ಬರುವುದರಿಂದ ಜನ ಅದನ್ನು ಹಡಗಿನ ಗೋದಿ ಎನ್ನುತ್ತಿದ್ದರು.

ಹುಗ್ಗಿಯ ಹೊಣೆ ಗವಿಸಿದ್ದಪ್ಪನದು. ಮಧ್ಯಾಹ್ನದಿಂದ ಅವನ ಮನೆಯಲ್ಲಿ ಒನಕೆಯ ಸದ್ದು. ಗೋದಿಗೆ ನೀರು ಚಿಮುಕಿಸಿ ಒರಳಲ್ಲಿ ಕುಟ್ಟಿದರೆ ಸಿಪ್ಪೆ ಬಿಡುತ್ತದೆ. ಬಿಟ್ಟಿತೋ ಇಲ್ಲವೋ ಎಂದು ಆಗಾಗ ನಾಲ್ಕು ಕಾಳು ಅಗಿದು ನೋಡುವುದು ಅವನ ಹೆಂಡತಿ ಮುದುಕವ್ವನ ರೂಢಿ.

ಪಕ್ಕದ ಮನೆಯ ಅಮೀನಬಿ ಕುಟ್ಟಲು ಬಂದವಳು ಮೂಗು ಸೊಟ್ಟ ಮಾಡಿದಳು.

"ಇದೇನ ವಾಸನಿ ಮುದುಕವ್ವಾ? ಬಳ್ಳೊಳ್ಳಿ ಕೊಳತಂಗ ಐತಿ."

"ಹಡಗಿನ ವಾಸನಿ ಬಿಡವಾ. ಸಮುದ್ರ ದಾಟಿ ಬಂದದ್ದು ಮಲ್ಲಿಗಿ ಹೂವಿನಂಗ ಇರತೈತೇನು? ಹ್ವಾದ ಸಲ ತಂದಾಗ ಚೀಲದ ತುಂಬ ಬಿಳಿ ಪುಡಿ ಇತ್ತು. ಜಾಡಿಸಿ ತಿಂದಿಲ್ಲೇನು?"

ಕುಟ್ಟುತ್ತಿದ್ದ ಹೆಂಗಸರು ನಕ್ಕರು. ಮುದುಕವ್ವ ಮತ್ತೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು.

ಸ್ವಲ್ಪ ಹೊತ್ತಿಗೆ ಅವಳ ಒನಕೆ ಗುರಿ ತಪ್ಪಿ ಒರಳಿನ ಅಂಚಿಗೆ ಬಡಿಯಿತು. ಅವಳು ಗೋಡೆಗೆ ಒರಗಿ ಕುಳಿತಳು. ಮೈಯೆಲ್ಲ ಬೆವರು. ಬಾಯಿಂದ ಜೊಲ್ಲು ಸುರಿಯುತ್ತಿತ್ತು.

"ಕಣ್ಣ ಮುಂದ ಮಂಜು ಕವದಂಗ ಆಗೇತಿ."

"ಪಿತ್ತ ಆಗೇತಿ," ಎಂದ ಗವಿಸಿದ್ದಪ್ಪ. "ಲಿಂಬಿಹಣ್ಣಿನ ನೀರು ಕೊಡ್ರಿ. ಕುಟ್ಟೂದು ನಿಲ್ಲಸಬ್ಯಾಡ್ರಿ, ಹೊತ್ತಾತು."

ಅಮೀನಬಿ ಬಗ್ಗಿ ಮುದುಕವ್ವನ ಕಣ್ಣು ನೋಡಿದಳು. ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಹಿಂದಿನ ವರ್ಷ ಅವಳ ತಮ್ಮ ಗೌಸಸಾಬ ಹತ್ತಿಗೆ ಔಷಧ ಹೊಡೆದು ಬಿದ್ದಾಗ ಅವನ ಕಣ್ಣೂ ಹೀಗೇ ಆಗಿತ್ತು. ಗದಗಿನ ಡಾಕ್ಟರು ಆಗ ತೋರಿಸಿ ಹೇಳಿದ್ದರು.

ಅವಳಿಗೆ ತಟ್ಟನೆ ನೆನಪಾಯಿತು. ಈ ಗೋದಿ ಬಂದದ್ದು ಅವಳ ಗಂಡ ಮಾಶಾಕನ ಗಾಡಿಯಲ್ಲೇ. ಮನೆಗೆ ಓಡಿದಳು.

"ಗೋದಿ ಜೋಡಿ ಮತ್ತೇನ ತಂದ್ರಿ?"

"ಗವಿಸಿದ್ದಪ್ಪನ ಹತ್ತಿ ಹುಳದ ಔಷಧ. ಒಂದು ಶೀಸೆ. ಇನ್ನೂ ಕೊಟ್ಟಿಲ್ಲ."

"ಎಲ್ಲಿ ಇಟ್ಟಿದ್ರಿ?"

"ಗಾಡಿ ಕುಲುಕಾಟಕ್ಕ ಒಡದೀತಂತ ಗೋದಿ ಚೀಲದ ಮ್ಯಾಲ ಮೆತ್ತಗ ಮಲಗಿಸಿದ್ದೆ."

ಅದು ಹಳೆಯ ಶರಬತ್ತಿನ ಶೀಸೆ. ಮೇಲೆ ಹೆಸರಿಲ್ಲ, ವಿಷವೆಂಬ ಗುರುತಿಲ್ಲ. ಬಾಯಿಗೆ ತುರುಕಿದ್ದ ಅರಿವೆ ತೊಯ್ದಿತ್ತು. ಅರ್ಧ ಶೀಸೆ ಖಾಲಿ. ಅದೇ ವಾಸನೆ.

ಹೇಳಿದರೆ ಮಾತು ಗಂಡನ ಮೇಲೆ ಬರುತ್ತದೆ. ಹೇಳದಿದ್ದರೆ ನಾಳೆ ಊರಿನ ಮಕ್ಕಳೆಲ್ಲ ತಾಟು ಹಿಡಿದು ಕೂರುತ್ತಾರೆ. ಅವಳು ಶೀಸೆಯನ್ನು ಅರಿವೆಯಲ್ಲಿ ಸುತ್ತಿಕೊಂಡು ತಿರುಗಿ ಬಂದಳು.

"ಕುಟ್ಟೂದು ನಿಲ್ಲಸ್ರಿ! ಗೋದಿಗೆ ಹತ್ತಿ ಔಷಧ ಸೋರೇತಿ."

ಗವಿಸಿದ್ದಪ್ಪನ ಮುಖ ಕೆಂಪಾಯಿತು. "ಚೊಲೋತ್ನಂಗ ತೊಳದ್ರಾತು. ಕುದಿಯೂ ನೀರಾಗ ಯಾವ ಔಷಧ ಉಳಿತೈತಿ? ಹುಗ್ಗಿ ಇಲ್ಲಂದ್ರ ಊರಿಗೆ ಹೆಂಗ ಮಾರಿ ತೋರಸ್ಲಿ?"

"ಕಾಳು ನೀರು ಕುಡದೈತಿ, ಔಷಧಾನೂ ಕುಡದೈತಿ ಮಾವಾ. ತೊಳದ್ರ ಹೋಗೂದಿಲ್ಲ, ಕುದಿಸಿದ್ರೂ ನಂಬಾಕ ಆಗೂದಿಲ್ಲ."

"ಪರದೇಶದ ಮಾಲು ಯಾರಾರ ನೋಡೇ ಕಳಿಸಿರ್ತಾರ!"

"ಯಾರು ನೋಡ್ಯಾರ್ರಿ? ಆ ಬಿಳಿ ಪುಡಿ ಏನಿತ್ತು, ಹಡಗಿನ್ಯಾಗ ಹಾಕಿದ್ದೋ, ಬಂದರದಾಗ ಹತ್ತಿದ್ದೋ, ನಾವು ಕೇಳಿದ್ವೇನು? ಅಂಗಡ್ಯಾಂವ ವಿಷಾನ ಶರಬತ್ತಿನ ಶೀಸೆದಾಗ ಕೊಟ್ಟ, ಆವಾಗರ ಕೇಳಿದ್ವೇನು? ಹಡಗಿನ ವಾಸನಿ ಅಂತ ನಕ್ಕು ಸುಮ್ಮನಾದ್ವಿ."

"ಹಂಗಾರ ತಪ್ಪು ನಿನ್ನ ಗಂಡಂದು!"

"ಹೌದ್ರಿ, ನಮ್ಮ ಗಾಡ್ಯಾಗ ಆಗೇತಿ. ಅದಕ್ಕ ನಾನ ಬಂದು ಹೇಳಾಕತ್ತೀನಿ."

ಅಷ್ಟರಲ್ಲಿ ಮುದುಕವ್ವ ವಾಂತಿ ಮಾಡಿಕೊಂಡಳು. ಕೈಕಾಲು ಅದುರತೊಡಗಿದವು. ಗವಿಸಿದ್ದಪ್ಪ ಅಂಗಳಕ್ಕೆ ಓಡಿದ.

"ಮಾಶಾಕಾ, ಗಾಡಿ ಹೂಡೋ ಜಲ್ದಿ!"

ಅಮೀನಬಿ ಮುದುಕವ್ವನ ಸೀರೆ ಬದಲಿಸಿ, ಸಬಕಾರ ಹಚ್ಚಿ ಕೈ ಮುಖ ತೊಳೆದು, ಒಂದು ಮಗ್ಗುಲಿಗೆ ಮಲಗಿಸಿಕೊಂಡಳು. ಗಾಡಿ ಏರುತ್ತ ಗವಿಸಿದ್ದಪ್ಪ ಹಿಂದಿರುಗಿ ಕೂಗಿದ:

"ಒಂದು ಕಾಳೂ ಒಲಿ ಏರಬಾರದು! ದನಕ್ಕೂ ಹಾಕಬ್ಯಾಡ್ರಿ!"

ಗದಗಿನ ಡಾಕ್ಟರು ಶೀಸೆ ನೋಡಿದ ಕೂಡಲೇ ಸೂಜಿಮದ್ದು ಕೊಟ್ಟರು. "ಇದನ್ನು ತಂದದ್ದು ಒಳ್ಳೆಯದಾಯಿತು. ಇನ್ನಷ್ಟು ತಡವಾಗಿದ್ದರೆ ನನ್ನ ಕೈಯಲ್ಲಿ ಇರುತ್ತಿರಲಿಲ್ಲ," ಎಂದರು.

ಮರುದಿನ ಮಧ್ಯಾಹ್ನ ಮುದುಕವ್ವ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, "ಹುಗ್ಗಿ ಹೆಂಗಾಗಿತ್ತು?"

"ಆಗಲಿಲ್ಲ," ಎಂದ ಗವಿಸಿದ್ದಪ್ಪ. "ಹುಡುಗ್ರು ಕುದಿಸಿದ ಶೇಂಗಾ, ಬೆಲ್ಲ ತಿಂದು ಕುಣದ್ರಂತ. ಎಲ್ಲಾರೂ ಆರಾಮ ಅದಾರ." ಆಮೇಲೆ ಅಮೀನಬಿಯ ಕಡೆ ತಿರುಗಿದ. "ನೀ ಬ್ಯಾಡ ಅಂದ್ರೂ ನಾ ತೊಳದ್ರಾತು ಅಂದಿದ್ನಲ್ಲವಾ. ಆ ಹುಡುಗ್ರ ತಾಟು ನೆನಸಿಕೊಂಡ್ರ ಮೈ ನಡಗತೈತಿ."

ಅವನು ಮಾಶಾಕನನ್ನು ಕರೆದುಕೊಂಡು ಅಂಗಡಿಗೆ ಹೋದ. ಶರಬತ್ತಿನ ಶೀಸೆ ಮುಂದಿಟ್ಟಾಗ ಅಂಗಡಿಯವನು ಶಾಂತವಾಗಿ ಹೇಳಿದ: "ಹಿಂಗ ಮಾರಬ್ಯಾಡ ಅಂತ ನನಗ ಯಾರೂ ಹೇಳಿಲ್ಲಲ್ರಿ."

ಗವಿಸಿದ್ದಪ್ಪನಿಗೆ ಎಲ್ಲಕ್ಕಿಂತ ಹೆಚ್ಚು ಭಯವಾದದ್ದು ಆ ಮಾತಿಗೆ. ಊರಿಗೆ ಮರಳಿದವನೇ ಗೋದಿಯನ್ನು ಚೀಲಸಹಿತ ಬಾವಿ ಹಳ್ಳಗಳಿಂದ ದೂರ ಆಳವಾದ ತಗ್ಗು ತೋಡಿಸಿ ಹೂಳಿಸಿದ. ವಿಷ ಮಾರುವವರಿಗೆ ಪರವಾನಗಿ ಬೇಕು, ಪರದೇಶದ ಕಾಳನ್ನು ಬಂದರದಲ್ಲೇ ಪರೀಕ್ಷಿಸಬೇಕು ಎಂದು ಊರವರೆಲ್ಲ ಹೊಸ ಸರಕಾರಕ್ಕೆ ಅರ್ಜಿ ಕಳಿಸಿದರು. ಮೊದಲ ಹೆಬ್ಬೆಟ್ಟು ಮುದುಕವ್ವನದು.

ಓದುತ್ತಿರುವ ಅಣ್ಣಂದಿರೇ, ಕೇಳುತ್ತಿರುವ ಅಕ್ಕಂದಿರೇ, ಹೆಸರಿಲ್ಲದ ಶೀಸೆಯಲ್ಲಿ ಔಷಧ ಕೊಂಡು ತರಬೇಡಿ. ಅದನ್ನು ಕಾಳಿನ ಜೊತೆ ಒಂದೇ ಗಾಡಿಯಲ್ಲಿ ಹೇರಬೇಡಿ, ಒಂದೇ ಕೋಣೆಯಲ್ಲಿ ಇಡಬೇಡಿ. ಕಾಳು ಯಾವ ದೇಶದಿಂದಲೇ ಬರಲಿ, ವಾಸನೆಯೋ ಪುಡಿಯೋ ಕಂಡರೆ ತಿನ್ನುವ ಮೊದಲು ಕೇಳಿ. ನಿಮ್ಮ ಊರಿನ ಪಂಚಾಯತಿಯನ್ನು ಕೇಳಿ, ಮಾಮಲೇದಾರರನ್ನು ಕೇಳಿ, ಉತ್ತರ ಬರುವ ತನಕ ಕೇಳಿ. ನಾವು ನಕ್ಕು ಸುಮ್ಮನಾದರೆ, ಅಗಿದು ನೋಡುವ ಸರದಿ ಮಕ್ಕಳದಾಗುತ್ತದೆ.